ನೀರು ನಿಂತ ಯಂತ್ರ: ದುರಸ್ತಿಯ ಹಕ್ಕು ಮತ್ತು ಕೈಯ ಅರಿವು

(ಜರ್ಮನಿಯಲ್ಲಿ ನೆಲೆಸಿದ ಕನ್ನಡಿಗರ ಓದುಬಳಗವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಒಂದು ಶನಿವಾರದ ಸಂಜೆಯನ್ನು ಕಲ್ಪಿಸಿಕೊಳ್ಳಿ. ದಕ್ಷಿಣ ಜರ್ಮನಿಯ ಒಂದು ನಗರ, ಮೂರನೆಯ ಮಹಡಿಯ ಬಾಡಿಗೆ ಮನೆ, ತುಮಕೂರು ಕಡೆಯಿಂದ ಬಂದು ನೆಲೆಸಿದ ಒಂದು ಕುಟುಂಬ. ಗಂಡ ಕಾರು ತಯಾರಿಸುವ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದ ಉದ್ಯೋಗಿ. ಮೂರು ತಿಂಗಳ ವೀಸಾದ ಮೇಲೆ ಊರಿನಿಂದ ಬಂದಿರುವ ಅತ್ತೆ. ಸ್ನಾನದ ಮನೆಯ ಮೂಲೆಯಲ್ಲಿರುವ ವಾಷಿಂಗ್ ಮಷಿನ್ ಬಟ್ಟೆ ಒಗೆದು ಮುಗಿಸಿದೆ, ಆದರೆ ಹಿಂಡಿಲ್ಲ. ಬಾಗಿಲು ತೆರೆಯುತ್ತಿಲ್ಲ. ಪರದೆಯ ಮೇಲೆ ಉಳಿದ ಸಮಯ ಒಂದು ನಿಮಿಷ ಎಂದು ತೋರಿಸುತ್ತಲೇ ಇದೆ. ಮರುದಿನ ಭಾನುವಾರ, ಅಂಗಡಿಗಳಿಗೆ ರಜೆ. ಸೋಮವಾರ ಬೆಳಿಗ್ಗೆ ಮಕ್ಕಳಿಗೆ ಶಾಲೆ, ಅವರ ಬಟ್ಟೆಯೆಲ್ಲ ಒಳಗಿದೆ. ಗಂಡ ಮೊಬೈಲಿನಲ್ಲಿ ಹೊಸ ಯಂತ್ರದ ಬೆಲೆ ನೋಡತೊಡಗುತ್ತಾನೆ. ಹೆಂಡತಿ ಗುಂಡಿಗಳನ್ನು ಮತ್ತೆ ಮತ್ತೆ ಒತ್ತುತ್ತಾಳೆ. ಅತ್ತೆ ನೆಲದ ಮೇಲೆ ಕುಳಿತು, ಗಾಜಿನ ಬಾಗಿಲೊಳಗೆ ಒಂದು ಕ್ಷಣ ನೋಡಿ ಹೇಳುತ್ತಾರೆ: "ನೀರೇ ಹೋಗಿಲ್ವಲ್ಲಮ್ಮ, ಹಿಂಡೋದು ಎಲ್ಲಿಂದ ಬಂತು?"

ಈ ಕುಟುಂಬ ಕಲ್ಪನೆಯದು. ಸಂದರ್ಭ ಮಾತ್ರ ಅಪರೂಪದ್ದಲ್ಲ. ಮೂವರಲ್ಲಿ ಯಂತ್ರದ ದೋಷವನ್ನು ಸರಿಯಾಗಿ ಓದಿದವರು ಆ ಯಂತ್ರವನ್ನು ಎಂದೂ ನಡೆಸದ ಹಿರಿಯ ಹೆಂಗಸು. ಬಾವಿಕಟ್ಟೆಯ ಕಲ್ಲಿನ ಮೇಲೆ ಬಟ್ಟೆ ಕುಕ್ಕಿ, ಇಬ್ಬರು ಎರಡು ತುದಿ ಹಿಡಿದು ಕಂಬಳಿ ಹಿಂಡಿದ ಅನುಭವ ಅವರದು. ನೀರು ಹೊರಗೆ ಹೋಗುವ ದಾರಿ ಇಲ್ಲದೆ ಹಿಂಡುವ ಕೆಲಸ ನಡೆಯದು ಎಂಬುದನ್ನು ಅವರಿಗೆ ಯಾವ ಕೈಪಿಡಿಯೂ ಕಲಿಸಬೇಕಾಗಿಲ್ಲ. ಇಂದಿನ ಮಾತು ಈ ಅರಿವಿನ ಬಗ್ಗೆ: ತಿರುಗದೆ ನಿಂತ ಯಂತ್ರವನ್ನು ಓದುವುದು ಹೇಗೆ, ಓದುವ ಅಧಿಕಾರ ಯಾರದು, ಮತ್ತು ಕೈಗೆ ಸೇರಿದ ಈ ಅರಿವು ವಿದ್ಯಾವಂತ ಕನ್ನಡ ಸಮಾಜದಲ್ಲಿ ಕೆಳದರ್ಜೆಯದೆನಿಸಿಕೊಂಡದ್ದು ಯಾಕೆ.

ಮೊದಲು ಯಂತ್ರ. ಹಿಂಡುವುದು ಎಂಬ ಮಾತು ರೂಢಿಯದು. ನಿಜದಲ್ಲಿ ಯಂತ್ರ ಬಟ್ಟೆಯನ್ನು ಹಿಂಡುವುದಿಲ್ಲ. ರಂಧ್ರಗಳಿರುವ ಡ್ರಮ್ ವೇಗವಾಗಿ ಸುತ್ತುತ್ತದೆ. ಬಟ್ಟೆಯನ್ನು ಡ್ರಮ್ಮಿನ ಗೋಡೆ ತಡೆದು ಹಿಡಿಯುತ್ತದೆ. ನೀರನ್ನು ತಡೆಯುವವರಿಲ್ಲ, ಅದು ರಂಧ್ರಗಳ ಮೂಲಕ ಹೊರಗಿನ ತೊಟ್ಟಿಗೆ ಸಿಡಿದು ಪಂಪಿನತ್ತ ಹರಿಯುತ್ತದೆ. ನಿಮಿಷಕ್ಕೆ 1400 ಸುತ್ತು, ಡ್ರಮ್ಮಿನ ವ್ಯಾಸ ಸುಮಾರು 48 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅದರ ಅಂಚು ಗಂಟೆಗೆ 125 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಚಲಿಸುತ್ತದೆ. ಅಂಚಿನಲ್ಲಿರುವ ವಸ್ತುವಿನ ಮೇಲೆ ಗುರುತ್ವಕ್ಕಿಂತ 500 ಪಟ್ಟಿಗೂ ಹೆಚ್ಚಿನ ವೇಗೋತ್ಕರ್ಷ. ಅರ್ಧ ಕಿಲೋ ಒದ್ದೆ ಟವೆಲ್ ಒಂದೇ ಬದಿಗೆ ಸೇರಿಕೊಂಡರೆ ಅದು ಡ್ರಮ್ಮನ್ನು ಸುಮಾರು 260 ಕಿಲೋ ಭಾರದಷ್ಟು ಬಲದಿಂದ ಆ ಬದಿಗೆ ಎಳೆಯುತ್ತದೆ, ಅದೂ ಪ್ರತಿ ಸೆಕೆಂಡಿಗೆ 23 ಬಾರಿ ದಿಕ್ಕು ಬದಲಿಸುತ್ತ. ಈ ಅದುರನ್ನು ತಡೆಯಲೆಂದೇ ಯಂತ್ರದೊಳಗೆ ಕಾಂಕ್ರೀಟಿನ ಭಾರೀ ತುಂಡುಗಳನ್ನು ಕಟ್ಟಿರುತ್ತಾರೆ. ತೊಟ್ಟಿಯನ್ನು ಸ್ಪ್ರಿಂಗುಗಳಿಂದ ತೂಗುಹಾಕಿ, ಕೆಳಗೆ ಅದುರು ನುಂಗುವ ದಂಡಗಳನ್ನು ಕೊಟ್ಟಿರುತ್ತಾರೆ. 1950ರ ದಶಕದ ಆರಂಭದ ಜರ್ಮನ್ ಸ್ವಯಂಚಾಲಿತ ಯಂತ್ರಗಳನ್ನಾದರೋ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಾಗಿತ್ತು.

ಇಷ್ಟು ತಿಳಿದರೆ ಒಂದು ಮುಖ್ಯ ಸಂಗತಿ ಹೊಳೆಯುತ್ತದೆ. ಸುತ್ತದ ಯಂತ್ರ ಬಹಳ ಸಲ ಕೆಟ್ಟ ಯಂತ್ರವಲ್ಲ. ಸುತ್ತಲು ನಿರಾಕರಿಸುತ್ತಿರುವ ಯಂತ್ರ. ಅದರ ನಿರಾಕರಣೆಗೆ ಕಾರಣವಿದೆ, ಆ ಕಾರಣಗಳಿಗೆ ಒಂದು ಕ್ರಮವಿದೆ. ಹಣ ಖರ್ಚಾಗದ ಕಾರಣಗಳಿಂದ ಆರಂಭಿಸಿ ಹೆಚ್ಚು ಖರ್ಚಿನವುಗಳತ್ತ ಹೋಗುವುದೇ ದುರಸ್ತಿಯವರ ವಿವೇಕ.

ಮೊದಲನೆಯದು, ಯಂತ್ರಕ್ಕೆ ಹಿಂಡಲು ಹೇಳಲಾಗಿದೆಯೇ ಎಂಬ ಪ್ರಶ್ನೆ. ರೇಷ್ಮೆ ಅಥವಾ ಉಣ್ಣೆಯ ಬಟ್ಟೆಗಳಿಗೆ ಮೀಸಲಾದ ಕಾರ್ಯಕ್ರಮಗಳಲ್ಲಿ ಸುತ್ತುವ ವೇಗ ಬಹಳ ಕಡಿಮೆ. ಸ್ಪಿನ್ ವೇಗದ ಸೂಚಕ ಸೊನ್ನೆಯಲ್ಲಿ ನಿಂತಿರಬಹುದು. ಜರ್ಮನಿಯ ಬಹಳಷ್ಟು ಯಂತ್ರಗಳಲ್ಲಿ 'ಶ್ಪ್ಯೂಲ್‌ಸ್ಟಾಪ್' ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಕೊನೆಯ ಜಾಲಾಟದ ನೀರನ್ನು ಒಳಗೇ ಉಳಿಸಿಕೊಂಡು ಯಂತ್ರ ಕಾಯುತ್ತದೆ, ಬಟ್ಟೆ ಸುಕ್ಕಾಗದಿರಲೆಂದು. ಭಾಷೆ ಬಾರದ ಊರಿನಲ್ಲಿ ಹೊಸದಾಗಿ ಮನೆ ಮಾಡಿದವರು ಈ ಗುಂಡಿಯನ್ನು ಅರಿಯದೆ ಒತ್ತಿ, ಯಂತ್ರ ಕೆಟ್ಟಿತೆಂದು ದೂರವಾಣಿ ಕರೆ ಮಾಡುವುದುಂಟು.

ಎರಡನೆಯದು ತೂಕದ ಹಂಚಿಕೆ. ಒಂದೇ ಒಂದು ದಪ್ಪ ಟವೆಲ್, ಒಂದು ಸ್ನಾನದ ಮನೆಯ ಕಾಲೊರಸು, ಉಳಿದೆಲ್ಲವನ್ನೂ ತನ್ನೊಳಗೆ ಸುತ್ತಿಕೊಂಡ ರಜಾಯಿಯ ಕವಚ: ಇವು ಒಂದು ಬದಿಗೆ ಮುದ್ದೆಯಾದರೆ ಯಂತ್ರ ನಿಧಾನವಾಗಿ ಅತ್ತಿತ್ತ ತಿರುಗಿ ಬಟ್ಟೆಯನ್ನು ಹರಡಲು ಯತ್ನಿಸುತ್ತದೆ, ಕೆಲವು ಬಾರಿ ಸೋತ ಮೇಲೆ ಕೈಬಿಡುತ್ತದೆ. ಬಟ್ಟೆ ಬಿಡಿಸಿ ಹಾಕಿ, ಒಂಟಿ ಬಟ್ಟೆಯಿದ್ದರೆ ಜೊತೆಗೆ ಇನ್ನೆರಡು ಸೇರಿಸಿ, ಹಿಂಡುವ ಕಾರ್ಯಕ್ರಮವನ್ನಷ್ಟೇ ಮತ್ತೆ ನಡೆಸಿದರೆ ಸಾಕು. ಯಂತ್ರದ ನಾಲ್ಕು ಕಾಲುಗಳೂ ನೆಲಕ್ಕೆ ಸಮವಾಗಿ ಊರಿವೆಯೇ ಎಂಬುದನ್ನು ಮೂಲೆಗಳ ಮೇಲೆ ಕೈಯಿಟ್ಟು ಒತ್ತಿ ನೋಡಬೇಕು.

ಮೂರನೆಯದು, ಅತ್ತೆ ಕಂಡ ಕಾರಣ. ತೊಟ್ಟಿಯಲ್ಲಿ ನೀರಿರುವವರೆಗೆ ಯಂತ್ರ ವೇಗ ಹಿಡಿಯುವುದಿಲ್ಲ. ತೊಟ್ಟಿಯಿಂದ ಒಂದು ಸಣ್ಣ ಕೊಳವೆ ಒತ್ತಡ ಅಳೆಯುವ ಸ್ವಿಚ್ಚಿಗೆ ಹೋಗುತ್ತದೆ. ನೀರು ಇದೆ ಎಂದು ಅದು ಹೇಳಿದರೆ ಮೋಟಾರು ಮುಂದುವರಿಯದು. ನೀರು ಹೋಗದಿರಲು ಸಾಮಾನ್ಯ ಕಾರಣ ಪಂಪಿನ ಮುಂದಿರುವ ಫಿಲ್ಟರ್ ಕಟ್ಟಿಕೊಂಡಿರುವುದು. ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ನೀರು ಬಿಸಿಯಿದ್ದರೆ ಆರುವವರೆಗೆ ಕಾಯಬೇಕು. ಮುಂಭಾಗದ ಕೆಳಮೂಲೆಯಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಅದರೊಳಗೆ ಕೆಲವು ಯಂತ್ರಗಳಲ್ಲಿ ನೀರು ಬಸಿಯಲು ತೆಳುವಾದ ಕೊಳವೆಯೂ, ಪಕ್ಕದಲ್ಲಿ ತಿರುಪಿನ ಬಿರಡೆಯಂತಹ ಫಿಲ್ಟರೂ ಇರುತ್ತವೆ. ತಗ್ಗಾದ ತಟ್ಟೆ ಇಟ್ಟು, ಹಳೆಯ ಬಟ್ಟೆ ಹಾಸಿ, ಬಿರಡೆಯನ್ನು ಎಡಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಒಮ್ಮೆಗೇ ತೆಗೆದರೆ ತೊಟ್ಟಿಯ ನೀರೆಲ್ಲ ನೆಲಕ್ಕೆ. ಒಳಗಿನಿಂದ ಬರುವುದು ನಾಣ್ಯ, ಹೇರ್‌ಪಿನ್, ಗುಂಡಿ, ದಾರದ ಉಂಡೆ, ಮಗುವಿನ ಕಾಲುಚೀಲ. ಫಿಲ್ಟರಿನ ಹಿಂದೆ ಪಂಪಿನ ಪುಟ್ಟ ರೆಕ್ಕೆಚಕ್ರ ಕಾಣುತ್ತದೆ. ಬೆರಳಿನಿಂದ ತಳ್ಳಿದರೆ ಅದು ತಡೆತಡೆದಾದರೂ ತಿರುಗಬೇಕು. ಫಿಲ್ಟರ್ ಚೊಕ್ಕಟವಾಗಿದ್ದರೆ ನೋಡಬೇಕಾದದ್ದು ಹಿಂದಿನ ಹೊರಗೊಳವೆ: ಯಂತ್ರವನ್ನು ಗೋಡೆಗೆ ಒತ್ತಿ ತಳ್ಳಿದಾಗ ಅದು ಮಡಚಿಕೊಂಡಿರಬಹುದು, ಸಿಂಕಿನ ಕೆಳಗೆ ಅದು ಸೇರುವ ಬಾಯಿ ಜಿಡ್ಡಿನಿಂದ ಮುಚ್ಚಿರಬಹುದು.

ನಾಲ್ಕನೆಯದು ನೊರೆ. ಕೈಯಲ್ಲಿ ಒಗೆಯಲೆಂದು ತಯಾರಾದ ಪುಡಿಯಲ್ಲಿ ನೊರೆ ಹೆಚ್ಚು, ಯಾಕೆಂದರೆ ನೊರೆ ಕಂಡರೆ ಒಗೆಯುವವರಿಗೆ ನಂಬಿಕೆ. ಊರಿನಿಂದ ತಂದ ಅಂಥ ಪುಡಿಯನ್ನು ಮುಂಬಾಗಿಲಿನ ಯಂತ್ರಕ್ಕೆ ಸುರಿದರೆ ನೊರೆ ಡ್ರಮ್ಮಿಗೂ ತೊಟ್ಟಿಗೂ ನಡುವೆ ತುಂಬಿ ಬ್ರೇಕಿನಂತೆ ಹಿಡಿಯುತ್ತದೆ, ಒತ್ತಡದ ಸ್ವಿಚ್ಚನ್ನೂ ದಾರಿ ತಪ್ಪಿಸುತ್ತದೆ. ಮದ್ದು ಸರಳ: ಪುಡಿಯಿಲ್ಲದೆ ಇನ್ನೊಮ್ಮೆ ಜಾಲಿಸುವುದು.

ಐದನೆಯದು ಬಾಗಿಲಿನ ಬೀಗ. ಬಾಗಿಲು ಭದ್ರವಾಗಿ ಮುಚ್ಚಿದೆಯೆಂಬ ಸಂಕೇತ ಬಾರದೆ ಯಂತ್ರ ಸುತ್ತುವುದಿಲ್ಲ. ಮೇಲ್ಬಾಗಿಲಿನ ಯಂತ್ರಗಳಲ್ಲಿ ಮುಚ್ಚಳದ ಸ್ವಿಚ್ಚು ಈ ಕೆಲಸ ಮಾಡುತ್ತದೆ. ಬೀಗದ ಬಾಯಿಯಲ್ಲಿ ಸೋಪಿನ ಗಟ್ಟಿ ಸೇರಿದ್ದರೆ ಒರೆಸಬೇಕು. ಕೊಕ್ಕೆ ಮುರಿದಿದ್ದರೆ ಬದಲಿಸಬೇಕು. ತಂತಿ ಜೋಡಿಸಿ ಸ್ವಿಚ್ಚನ್ನು ವಂಚಿಸುವ ಉಪಾಯವನ್ನು ಮಾತ್ರ ಯಾರೂ ಮಾಡಬಾರದು. ತೆರೆದ ಮುಚ್ಚಳದೊಳಗೆ ಸುತ್ತುವ ಡ್ರಮ್ಮಿಗೆ ಕೈಯಿಡುವವರು ಹೆಚ್ಚಾಗಿ ಮಕ್ಕಳು.

ಇಲ್ಲಿಯವರೆಗಿನ ಐದು ಕಾರಣಗಳಿಗೆ ಸ್ಕ್ರೂಡ್ರೈವರ್ ಕೂಡ ಹೆಚ್ಚುಕಡಿಮೆ ಬೇಡ. ಇವು ಯಾವುವೂ ಅಲ್ಲವೆಂದಾದಾಗ ಮಾತ್ರ ಯಂತ್ರದ ಒಡಲಿನತ್ತ ಹೋಗಬೇಕು. ಪ್ಲಗ್ ಕಿತ್ತಿರುವಾಗ ಡ್ರಮ್ಮನ್ನು ಕೈಯಿಂದ ತಿರುಗಿಸಿ ನೋಡಬೇಕು. ತಡೆಯೇ ಇಲ್ಲದೆ ಹಗುರವಾಗಿ ಸುತ್ತಿದರೆ ಬೆಲ್ಟ್ ಕಳಚಿರಬಹುದು. ಹಳೆಯ ಮಾದರಿಯ ಮೋಟಾರುಗಳಲ್ಲಿ ಎರಡು ಕಾರ್ಬನ್ ಬ್ರಷ್‌ಗಳಿರುತ್ತವೆ. ಪೆನ್ಸಿಲ್ ತುಂಡಿನಂತಹ ಇವು ವರ್ಷಗಳ ಉಜ್ಜಾಟದಲ್ಲಿ ಸವೆದು ಮೋಟಾರಿಗೆ ವಿದ್ಯುತ್ ಮುಟ್ಟದಂತಾಗುತ್ತದೆ. ಮೊದಲು ವೇಗ ಕುಂದಿ, ಆಮೇಲೆ ಪೂರ್ತಿ ನಿಲ್ಲುವುದು ಇದರ ಲಕ್ಷಣ. ಬೆಲೆ ಅಲ್ಪ, ಜೋಡಿಯಾಗಿ ಬದಲಿಸಬೇಕು. ಇನ್ವರ್ಟರ್ ಮೋಟಾರಿನ ಹೊಸ ಯಂತ್ರಗಳಲ್ಲಿ ಈ ಬ್ರಷ್‌ಗಳೇ ಇಲ್ಲ; ಅಲ್ಲಿ ದೋಷ ವೇಗ ಅರಿಯುವ ಸೆನ್ಸರಿನಲ್ಲೋ ಎಲೆಕ್ಟ್ರಾನಿಕ್ ಬೋರ್ಡಿನಲ್ಲೋ ಇರುತ್ತದೆ. ಕರ್ನಾಟಕದ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರದ ಕಥೆಯೇ ಬೇರೆ: ಅಲ್ಲಿ ಹಿಂಡಲು ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ಮೋಟಾರು. ಮೋಟಾರು ಗುಂಯ್ ಎನ್ನುತ್ತ ಸುತ್ತದಿದ್ದರೆ ಕೆಪಾಸಿಟರ್ ಸತ್ತಿರಬಹುದು, ಇಲ್ಲವೇ ಮುಚ್ಚಳಕ್ಕೆ ಕಟ್ಟಿದ ಬ್ರೇಕಿನ ತಂತಿ ಸಡಿಲಗೊಂಡು ಬ್ರೇಕ್ ಹಿಡಿದುಕೊಂಡಿರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಇದು ತಿಳಿದವರ ಕೆಲಸ.

ಕೊನೆಯದು ಬೇರಿಂಗ್. ಡ್ರಮ್ ತಿರುಗಿಸುವಾಗ ಕಲ್ಲು ಅರೆದಂತೆ ಸದ್ದು ಬಂದರೆ, ಹಿಂಡುವಾಗ ವಿಮಾನ ಏರಿದಂತೆ ಮೊರೆದರೆ, ಅದು ಬೇರಿಂಗ್ ಸವೆದ ಗುರುತು. ರಾಜಕೀಯ ಶುರುವಾಗುವುದೂ ಇಲ್ಲಿಂದಲೇ. ಹಿಂದೆ ಹೊರತೊಟ್ಟಿಯ ಎರಡು ಹೋಳುಗಳನ್ನು ಸ್ಕ್ರೂಗಳಿಂದ ಜೋಡಿಸುತ್ತಿದ್ದರು. ಬಿಚ್ಚಿ, ಹಳೆಯ ಬೇರಿಂಗ್ ಹೊಡೆದು ತೆಗೆದು, ಹೊಸದು ಕೂರಿಸಿ, ಮತ್ತೆ ಮುಚ್ಚಬಹುದಿತ್ತು. ಈಗಿನ ಹಲವು ಯಂತ್ರಗಳಲ್ಲಿ ಪ್ಲಾಸ್ಟಿಕ್ ತೊಟ್ಟಿಯ ಹೋಳುಗಳನ್ನು ಬೆಸೆದು ಬಿಡುತ್ತಾರೆ. ಅಂಗೈಯಗಲದ ಬೇರಿಂಗ್ ಒಂದು ಸವೆದರೆ ಇಡೀ ತೊಟ್ಟಿಯನ್ನು ಕೊಳ್ಳಬೇಕು. ಲೆಕ್ಕ ಹಾಕಿದವರು ಹೊಸ ಯಂತ್ರವೇ ಲೇಸು ಎನ್ನುತ್ತಾರೆ. ಬೆಸುಗೆ ಹಾಕಿದವರಿಗೆ ಈ ಉತ್ತರ ಮೊದಲೇ ಗೊತ್ತಿತ್ತು.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ" ಎಂಬ ಗಾದೆ ಕನ್ನಡದಲ್ಲಿದೆ. ಫಿಲ್ಟರ್ ಕಟ್ಟಿದಾಗ ಬೋರ್ಡ್ ಬದಲಿಸುವುದು, ಬ್ರಷ್ ಸವೆದಾಗ ಮೋಟಾರನ್ನೇ ಎಸೆಯುವುದು ಈ ಬಗೆಯ ಚಿಕಿತ್ಸೆ. ಆದರೆ ತಪ್ಪು ಚಿಕಿತ್ಸೆಯನ್ನು ಅಜ್ಞಾನವೆಂದಷ್ಟೇ ಕರೆದರೆ ಸಾಲದು. ಬಳಸುವವರು ಅಜ್ಞಾನಿಗಳಾಗಿ ಉಳಿಯುವುದು ಯಾರಿಗೆ ಲಾಭ ಎಂಬ ಪ್ರಶ್ನೆಯನ್ನೂ ಕೇಳಬೇಕು. ದೋಷದ ಸಂಕೇತ ಪರದೆಯ ಮೇಲೆ ಮೂಡುತ್ತದೆ, ಅದರ ಅರ್ಥ ಕಂಪನಿಯ ಕಡತದಲ್ಲಿರುತ್ತದೆ. ಬಿಡಿಭಾಗ ಗೋದಾಮಿನಲ್ಲಿರುತ್ತದೆ, ಕೊಳ್ಳುವ ಅನುಮತಿ ಕೆಲವರಿಗೆ ಮಾತ್ರ. ಹೀಗೆ ಯಂತ್ರ ಮನೆಯೊಳಗಿದ್ದರೂ ಅದರ ಕುರಿತ ಜ್ಞಾನ ಮನೆಯ ಹೊರಗೆ ಉಳಿಯುತ್ತದೆ.

ಯುರೋಪಿನಲ್ಲಿ ಈ ಪ್ರಶ್ನೆ ಕಾನೂನಿನ ರೂಪ ಪಡೆದಿದೆ. ಐರೋಪ್ಯ ಒಕ್ಕೂಟದ 2019/2023 ಸಂಖ್ಯೆಯ ನಿಯಮ 2021ರ ಮಾರ್ಚ್ 1ರಿಂದ ವಾಷಿಂಗ್ ಮಷಿನ್‌ಗಳಿಗೆ ಅನ್ವಯವಾಗುತ್ತಿದೆ. ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಕನಿಷ್ಠ 10 ವರ್ಷ ಬಿಡಿಭಾಗಗಳು ದೊರೆಯಬೇಕು, ಬೇಡಿಕೆ ಬಂದ 15 ಕೆಲಸದ ದಿನಗಳೊಳಗೆ ತಲುಪಬೇಕು, ಸಾಮಾನ್ಯ ಉಪಕರಣಗಳಿಂದ ಅವನ್ನು ಬದಲಿಸುವಂತಿರಬೇಕು ಎಂಬುದು ಅದರ ತಿರುಳು. ಹಲವು ವರ್ಷಗಳ ಚಳವಳಿಯ ಫಲವಿದು, ಸಣ್ಣ ಗೆಲುವಲ್ಲ.

ಆದರೆ ಆ ನಿಯಮದ ಪಟ್ಟಿಯನ್ನು ಬಿಡಿಸಿ ಓದಬೇಕು. ಬಾಗಿಲು, ಕೀಲು, ರಬ್ಬರ್ ಸೀಲುಗಳು, ಬಾಗಿಲ ಬೀಗ, ಸೋಪಿನ ಡಬ್ಬಿಯಂತಹ ಪ್ಲಾಸ್ಟಿಕ್ ಭಾಗಗಳು: ಇಷ್ಟು ಮಾತ್ರ ಸಾಮಾನ್ಯ ಬಳಕೆದಾರರಿಗೆ. ಮೋಟಾರು, ಅದರ ಬ್ರಷ್, ಪಂಪು, ಒತ್ತಡದ ಸ್ವಿಚ್ಚು, ಬೋರ್ಡು, ಬೇರಿಂಗ್ ಇವೆಲ್ಲವನ್ನು ವೃತ್ತಿಪರ ದುರಸ್ತಿದಾರರಿಗೆ ಕೊಟ್ಟರೆ ಸಾಕು. ಡ್ರಮ್ಮನ್ನೂ ಬೇರಿಂಗನ್ನೂ ಬಿಡಿಬಿಡಿಯಾಗಿ ಅಥವಾ ಒಟ್ಟಾಗಿ ಕೊಡಬಹುದು ಎಂಬ ಮಾತೂ ಅಲ್ಲಿದೆ. ಬೆಸೆದ ತೊಟ್ಟಿಗೆ ಜಾಗ ದೊರೆತದ್ದು 'ಒಟ್ಟಾಗಿ' ಎಂಬ ಆ ಒಂದು ಪದದಲ್ಲಿ. ಸುತ್ತದ ಯಂತ್ರವನ್ನು ಎದುರಿಸುವ ಮನೆಯವರಿಗೆ ಬೀಗದ ಮೇಲೆ ಹಕ್ಕಿದೆ, ಬ್ರಷ್‌ನ ಮೇಲಿಲ್ಲ. ವಿದ್ಯುತ್ತಿನ ಅಪಾಯವನ್ನು ಕಾರಣವಾಗಿ ಹೇಳುವುದುಂಟು, ಅದರಲ್ಲಿ ಸತ್ಯವೂ ಇದೆ. ಆದರೆ ಬೇರಿಂಗನ್ನು ತೊಟ್ಟಿಯೊಂದಿಗೇ ಮಾರುವುದಕ್ಕೆ ಸುರಕ್ಷತೆಯ ನೆಪ ಹೊಂದುವುದಿಲ್ಲ.

2024ರ ಜೂನ್ 13ರ ಇನ್ನೊಂದು ನಿರ್ದೇಶನ, ಸಂಖ್ಯೆ 2024/1799, ಒಂದು ಹೆಜ್ಜೆ ಮುಂದೆ ಹೋಗಿದೆ. ಖಾತರಿಯ ಅವಧಿ ಮುಗಿದ ಮೇಲೂ ವಾಷಿಂಗ್ ಮಷಿನ್ ಸೇರಿದಂತೆ ಕೆಲವು ವಸ್ತುಗಳನ್ನು ತಯಾರಕರು ನ್ಯಾಯವಾದ ಬೆಲೆಗೆ ದುರಸ್ತಿ ಮಾಡಿಕೊಡಬೇಕು. ಖಾತರಿಯ ಅವಧಿಯಲ್ಲಿ ಬದಲಿ ಯಂತ್ರದ ಬದಲು ದುರಸ್ತಿಯನ್ನು ಆಯ್ದುಕೊಂಡವರಿಗೆ ಖಾತರಿ ಇನ್ನೊಂದು ವರ್ಷ ವಿಸ್ತರಿಸಬೇಕು. ಇದನ್ನು ಜಾರಿಗೆ ತರಲು ಸದಸ್ಯ ದೇಶಗಳಿಗಿರುವ ಗಡುವು 2026ರ ಜುಲೈ 31. ಒಕ್ಕೂಟದಲ್ಲಿ ಹೊಸ ವಸ್ತುವಿಗೆ ಕನಿಷ್ಠ 2 ವರ್ಷದ ಕಾನೂನುಬದ್ಧ ಖಾತರಿ ಮೊದಲಿನಿಂದಲೂ ಇದೆ. ಮೊದಲ 1 ವರ್ಷದಲ್ಲಿ ಕಂಡ ದೋಷ ಕೊಂಡಾಗಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ಸಾಧಿಸುವ ಹೊಣೆ ಮಾರಿದವರದು. ವಲಸಿಗರಲ್ಲಿ ಬಹಳಷ್ಟು ಮಂದಿಗೆ ಈ ಹಕ್ಕಿನ ಅರಿವಿಲ್ಲ. ಭಾಷೆಯ ಅಂಜಿಕೆಯಿಂದ ಅಂಗಡಿಗೆ ಮರಳಿ ಹೋಗುವುದೂ ಇಲ್ಲ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಗೃಹೋಪಯೋಗಿ ಯಂತ್ರಗಳು ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ ಮಾಹಿತಿ ಕೊಡುವ ಜಾಲತಾಣ. ಬಿಡಿಭಾಗ ಕೊಡಲೇಬೇಕೆನ್ನುವ ಕಾನೂನಿನ ಕೆಲಸವನ್ನು ಅದು ಮಾಡಲಾರದು.

ಕಾನೂನಿನ ಮಾತು ಇಲ್ಲಿಗೆ ಸಾಕು. ಕನ್ನಡಿಗರ ಸಭೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ, ಅದನ್ನು ಯುರೋಪಿನ ಯಾವ ನಿಯಮವೂ ಮುಟ್ಟುವುದಿಲ್ಲ. 'ಮಡಿ' ಎಂಬ ಪದವನ್ನು ನೋಡಿ. ಒಗೆದ ಬಟ್ಟೆಯೂ ಮಡಿ, ಧಾರ್ಮಿಕ ಶುದ್ಧತೆಯೂ ಮಡಿ. ಮಡಿ ಮಾಡಿಕೊಡುವವರು ಮಡಿವಾಳರು. ಊರಿನ ಕೊಳೆಯನ್ನು, ಬಾಣಂತಿಯ ಬಟ್ಟೆಯನ್ನು, ಮುಟ್ಟಿನ ಬಟ್ಟೆಯನ್ನು ಹೊತ್ತು ಹೋಗಿ, ಒಗೆದು, ಒಣಗಿಸಿ ತಂದುಕೊಟ್ಟವರು ಅವರು. ಅವರು ಕೊಟ್ಟ ಶುದ್ಧತೆಯನ್ನು ಉಟ್ಟು ನಡೆದ ಸಮಾಜ ಅವರನ್ನು ಶುದ್ಧರ ಸಾಲಿನಿಂದ ಹೊರಗಿಟ್ಟಿತು. ರಾಮಕಥೆಯ ಜನಪ್ರಿಯ ರೂಪಗಳಲ್ಲಿ ಸೀತೆಯ ಮೇಲಿನ ಅಪವಾದ ಹುಟ್ಟುವುದು ಅಗಸನ ಬಾಯಲ್ಲಿ. ಅರಮನೆಯ ತೀರ್ಪಿನ ಹೊಣೆಯನ್ನು ಒಗೆಯುವವನ ತಲೆಗೆ ಕಟ್ಟಲಾಯಿತು. ಇದಕ್ಕೆ ಎದುರಾಗಿ 12ನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವ ನಿಂತಿದ್ದಾನೆ: ಬಟ್ಟೆ ಒಗೆಯುವ ಕಾಯಕದವನು, ವಚನಕಾರ, ಕಲ್ಯಾಣದ ವಿಪ್ಲವದ ನಂತರ ವಚನದ ಕಟ್ಟುಗಳನ್ನು ಕಾಪಾಡಲು ಸೈನ್ಯದೊಡನೆ ಕಾದಾಡಿದನೆಂದು ಪರಂಪರೆ ನೆನೆಯುವ ಶರಣ. ಕೈಕೆಲಸವೂ ಅರಿವೂ ಒಂದೇ ದೇಹದಲ್ಲಿ ಇರಬಲ್ಲವು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ವಿದೇಶದ ಸಭೆಗಳಲ್ಲಿ ವಚನ ಹಾಡುವವರು ಬಹಳ. ಕಾಯಕವೆಂಬ ಪದ ಅವರ ಸ್ನಾನದ ಮನೆಯ ಮೂಲೆಯವರೆಗೆ ತಲುಪಿದೆಯೇ ಎಂಬುದು ಪ್ರಶ್ನೆ.

ಜಾತಿಯ ಜೊತೆಗೇ ಹೆಣ್ಣಿನ ಶ್ರಮದ ಪ್ರಶ್ನೆಯಿದೆ. ಸ್ವೀಡನ್ನಿನ ಹ್ಯಾನ್ಸ್ ರೋಸ್ಲಿಂಗ್ 2010ರ ಒಂದು ಪ್ರಸಿದ್ಧ ಭಾಷಣದಲ್ಲಿ ತನ್ನ ಮನೆಗೆ ಮೊದಲ ವಾಷಿಂಗ್ ಮಷಿನ್ ಬಂದ ದಿನವನ್ನು ಬಣ್ಣಿಸಿದರು: ಅಜ್ಜಿ ಅದರ ಮುಂದೆ ಕುಳಿತು ಕೊನೆಯವರೆಗೂ ನೋಡಿದಳು, ತಾಯಿಗೆ ಮಗನನ್ನು ಗ್ರಂಥಾಲಯಕ್ಕೆ ಕರೆದೊಯ್ಯಲು ಸಮಯ ದೊರೆಯಿತು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ 'ಮೋರ್ ವರ್ಕ್ ಫಾರ್ ಮದರ್' ಕೃತಿಯಲ್ಲಿ ಮತ್ತೊಂದು ಮುಖವನ್ನು ತೋರಿದರು: ಯಂತ್ರ ಬಂದಂತೆ ಸ್ವಚ್ಛತೆಯ ಅಳತೆಗೋಲೂ ಏರಿತು, ಹೊರಗಿನ ಲಾಂಡ್ರಿಗಳೂ ಕೆಲಸದವರೂ ಹಂಚಿಕೊಳ್ಳುತ್ತಿದ್ದ ದುಡಿಮೆ ಗೃಹಿಣಿಯೊಬ್ಬಳ ಪಾಲಿಗೆ ಮರಳಿತು. ಎರಡೂ ನಿಜ. ಯಂತ್ರ ತೋಳಿನ ನೋವನ್ನು ಇಳಿಸಿತು. ಬಟ್ಟೆ ವಿಂಗಡಿಸುವ, ಜೇಬು ತಡಕುವ, ಹರವುವ, ಮಡಿಸುವ, ನೆನಪಿಟ್ಟುಕೊಳ್ಳುವ ಹೊಣೆಯನ್ನು ಇಳಿಸಲಿಲ್ಲ. ಯಂತ್ರ ನಿಂತ ದಿನ ಆ ಹೊಣೆ ಯಾರ ಮೇಲಿದೆಯೆಂಬುದು ಎದ್ದು ಕಾಣುತ್ತದೆ.

ಮೂರನೆಯ ವ್ಯಕ್ತಿ ದುರಸ್ತಿ ಮಾಡುವವನು. ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಗಳಲ್ಲಿ, ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದ ಹಿಂದಿನ ಅಂಗಡಿಗಳಲ್ಲಿ ಕುಳಿತು ಬೋರ್ಡು ಬೆಸೆಯುವ, ಮೋಟಾರು ಸುತ್ತುವ ಕೆಲಸಗಾರರಿದ್ದಾರೆ. ಕಂಪನಿಯ ಕೈಪಿಡಿ ಅವರಿಗೆ ದೊರೆಯುವುದಿಲ್ಲ. ಸದ್ದಿನಿಂದ, ವಾಸನೆಯಿಂದ, ಬೆರಳಿಗೆ ತಗುಲಿದ ಬಿಸಿಯಿಂದ ದೋಷವನ್ನು ಗುರುತಿಸುತ್ತಾರೆ. ಇದು ರೋಗಲಕ್ಷಣ ಓದುವ ವಿದ್ಯೆಯೇ. ಆದರೂ ಐವತ್ತರ ವಯಸ್ಸಿನ ಮೆಕ್ಯಾನಿಕ್ಕನ್ನೂ "ಹುಡುಗನ್ನ ಕಳಿಸಿ" ಎಂದು ಕರೆಯುವುದು ನಗರದ ರೂಢಿ. ಅದೇ ಮನೆಯ ಮಗ ವಿದೇಶದಲ್ಲಿ ತಂತ್ರಜ್ಞನಾದರೆ 'ಎಂಜಿನಿಯರ್ ಸಾಹೇಬರು'. ಯಂತ್ರದ ಮುಂದೆ ಮಂಡಿಯೂರಿ ಕೂರಲು ವಿದ್ಯಾವಂತರಿಗೆ ಅಡ್ಡ ಬರುವುದು ಜ್ಞಾನದ ಕೊರತೆಯೊಂದೇ ಅಲ್ಲ. ಕೊಳೆನೀರಿಗೆ ಕೈಹಾಕುವುದು ತಮ್ಮದಲ್ಲದವರ ಕೆಲಸ ಎಂಬ ಹಳೆಯ ಪಾಠವೂ ಅಡ್ಡ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲರೂ ತಮ್ಮ ಯಂತ್ರವನ್ನು ತಾವೇ ಬಿಚ್ಚಿ ಸರಿಪಡಿಸಿಕೊಳ್ಳಲಿ ಎಂಬುದು ಇದಕ್ಕೆ ಪರಿಹಾರವಲ್ಲ. ಅದು ಕಂಪನಿಯ ಹೊಣೆಯನ್ನು ಬಳಸುವವರ ಬಿಡುವಿನ ವೇಳೆಗೆ ದಾಟಿಸುವ ದಾರಿಯಾಗಬಹುದು, ದುರಸ್ತಿದಾರರ ಕೂಲಿಗೂ ಕುತ್ತಾಗಬಹುದು. ಫಿಲ್ಟರಿನವರೆಗಿನ ಅರಿವು ಪ್ರತಿ ಮನೆಯಲ್ಲಿ, ಹೆಣ್ಣು ಗಂಡೆನ್ನದೆ ಎಲ್ಲರಲ್ಲೂ ಇರಬೇಕು. ಮೋಟಾರಿನಿಂದಾಚೆಯ ಕೆಲಸ ಅದನ್ನು ಕಲಿತವರಿಗೆ, ಅವರ ವಿದ್ಯೆಗೆ ತಕ್ಕ ಕೂಲಿಯೊಂದಿಗೆ, ಬೇಕಾದ ಬಿಡಿಭಾಗ ಮತ್ತು ಮಾಹಿತಿಯೊಂದಿಗೆ ಸಲ್ಲಬೇಕು. ದುರಸ್ತಿಯ ಹಕ್ಕೆಂದರೆ ಕೊಂಡವರ ಹಕ್ಕು ಮಾತ್ರವಲ್ಲ, ದುರಸ್ತಿ ಮಾಡಿ ಬದುಕುವವರ ಹಕ್ಕು ಕೂಡ.

2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬಾಕೆ ಮೊದಲ ರಿಪೇರ್ ಕೆಫೆಯನ್ನು ನಡೆಸಿದರು. ಕೆಟ್ಟ ವಸ್ತುವನ್ನು ಹೊತ್ತು ತಂದವರು ಬಲ್ಲವರ ಜೊತೆ ಕುಳಿತು ಸರಿಪಡಿಸಿಕೊಳ್ಳುವ ಕೂಟ ಅದು. ಇಂದು ಜರ್ಮನಿಯ ಬಹಳಷ್ಟು ಊರುಗಳಲ್ಲಿ ಅಂಥ ಕೂಟಗಳಿವೆ. ವಾಷಿಂಗ್ ಮಷಿನ್ನನ್ನು ಹೊತ್ತೊಯ್ಯಲಾಗದು, ನಿಜ. ಅರಿವನ್ನು ಹೊತ್ತು ತರಬಹುದು. ಯುಗಾದಿಗೂ ರಾಜ್ಯೋತ್ಸವಕ್ಕೂ ಸಭಾಂಗಣ ಹಿಡಿಯುವ ಕನ್ನಡ ಸಂಘಗಳು ವರ್ಷಕ್ಕೊಂದು ದಿನವನ್ನು ದುರಸ್ತಿಗೆ ಮೀಸಲಿಡಬಹುದು. ಹೊಸದಾಗಿ ಬಂದವರಿಗೆ ಯಂತ್ರದ ಗುಂಡಿಗಳ ಅರ್ಥವನ್ನೂ, ಖಾತರಿಯ ಹಕ್ಕನ್ನೂ, ಫಿಲ್ಟರ್ ಬಿಚ್ಚುವ ಬಗೆಯನ್ನೂ ಕನ್ನಡದಲ್ಲಿ ತಿಳಿಸುವ ಒಂದು ಹಾಳೆ ಸಿದ್ಧಪಡಿಸಬಹುದು. ಊರಿನ ದುರಸ್ತಿದಾರರ ಅನುಭವವನ್ನು ಅವರ ಮಾತಿನಲ್ಲೇ ದಾಖಲಿಸಬಹುದು. ಕನ್ನಡ ಅರಿವಿನ ಭಾಷೆಯಾಗಬೇಕೆಂಬ ಬೇಡಿಕೆಯಲ್ಲಿ ಈ ಅರಿವಿಗೂ ಪಾಲಿದೆ.

ಮತ್ತೆ ಆ ಶನಿವಾರದ ಸಂಜೆಗೆ ಬರೋಣ. ಅತ್ತೆಯ ಮಾತು ಕೇಳಿದ ಸೊಸೆ ಕೆಳಮೂಲೆಯ ಮುಚ್ಚಳವನ್ನು ಹುಡುಕುತ್ತಾಳೆ. ಗಂಡ ಮೊಬೈಲ್ ಬದಿಗಿಟ್ಟು ಅಡುಗೆಮನೆಯಿಂದ ತಟ್ಟೆ ತರುತ್ತಾನೆ, ಪ್ಲಗ್ ಕೀಳುತ್ತಾನೆ, ಬಿರಡೆ ತಿರುಗಿಸುತ್ತಾನೆ. ನೀರು ಬರುತ್ತದೆ, ಹಿಂದೆಯೇ ಒಂದು ಸೆಂಟಿನ ನಾಣ್ಯ, ಎರಡು ಕುಪ್ಪಸದ ಹುಕ್ಕು, ಒಂದು ಹಿಡಿ ದಾರ. ಫಿಲ್ಟರ್ ತೊಳೆದು ಬಿಗಿದು, ಹಿಂಡುವ ಗುಂಡಿ ಒತ್ತಿದಾಗ ಡ್ರಮ್ ನಿಧಾನವಾಗಿ ತಿರುಗಿ, ಬಟ್ಟೆ ಹರಡಿ, ವೇಗ ಹಿಡಿಯುತ್ತದೆ. "ಇಷ್ಟೇನಾ?" ಎನ್ನುತ್ತಾನೆ ಗಂಡ, ಸ್ನೇಹಿತರ ವಾಟ್ಸಾಪ್ ಗುಂಪಿಗೆ ಹುಕ್ಕುಗಳ ಫೋಟೊ ಕಳಿಸುತ್ತಾನೆ. ಅಭಿನಂದನೆಗಳು ಬರುತ್ತವೆ.

ಹತ್ತು ನಿಮಿಷದ ನಂತರ ಯಂತ್ರ ನಿಲ್ಲುತ್ತದೆ, ಬಾಗಿಲು ಸಡಿಲಾಗುತ್ತದೆ. ಒದ್ದೆ ಬಟ್ಟೆಯನ್ನು ಬುಟ್ಟಿಗೆ ತುಂಬಿ, ಕೊಡವಿ, ಒಂದೊಂದಾಗಿ ಹರವಬೇಕು. ಪ್ರತಿ ಶನಿವಾರವೂ ಮಾಡಬೇಕಾದ ಕೆಲಸವದು, ಅದಕ್ಕೆ ಅಭಿನಂದನೆಯ ರೂಢಿಯಿಲ್ಲ. ಆ ಬುಟ್ಟಿಯನ್ನು ಎತ್ತಿಕೊಳ್ಳುವವರು ಯಾರು ಎಂಬುದನ್ನು ಇಂದು ಮನೆಗೆ ಹೋದ ಮೇಲೆ ಒಮ್ಮೆ ಗಮನಿಸಿ.